ಯಾವ ಪಟ್ಟಿಗೂ ಅಂಟಿಕೊಳ್ಳದ ಹೋಲ್ಟ್‌ಫ್ರೆಟರ್

ಕಾಲೇಜು ಗೆಳೆಯರ ಹಳೇ ವಾಟ್ಸಾಪ್ ಗುಂಪಿಗೆ ಈಚೆಗೆ ಒಂದು ವಿಡಿಯೋ ಬಂತು. ಎರಡು ಬಣ್ಣದ ಜೀವಕೋಶಗಳನ್ನು ಕಲಸಿ ಒಂದು ತಟ್ಟೆಯಲ್ಲಿ ಬಿಟ್ಟಿದ್ದಾರೆ. ಮೊದಲು ಎಲ್ಲ ಅವಲಕ್ಕಿ ಮಿಕ್ಸ್‌ಚರ್ ಥರ ಬೆರೆತಿದೆ. ಗಂಟೆಗಳು ಉರುಳಿದ ಹಾಗೆ ಒಂದು ಬಣ್ಣದವು ಒಳಗೆ ಸೇರಿ ಉಂಡೆ ಕಟ್ಟುತ್ತವೆ, ಇನ್ನೊಂದು ಬಣ್ಣದವು ಅದರ ಸುತ್ತ ಸಿಪ್ಪೆಯಾಗುತ್ತವೆ. ನೋಡೋಕೆ ಮಜಾ ಇದೆ. ಕೆಳಗೆ ಒಬ್ಬ ಮಹಾಶಯ ಬರೆದಿದ್ದ: ಜೀವಕೋಶಗಳೇ ತಮ್ಮ ತಮ್ಮ ಜಾತಿಯವರ ಜೊತೆ ಇರುವಾಗ ಮನುಷ್ಯರಿಗೆ ಮಾತ್ರ ಯಾಕೆ ಪಾಠ ಹೇಳ್ತೀರಿ ಅಂತ. ಅದಕ್ಕೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದರು. ಎಲ್ಲರೂ ಎಂಜಿನಿಯರುಗಳು, ನನ್ನ ಹಾಗೇ.

ಅವತ್ತು ಜಗಳ ಆಡಲಿಲ್ಲ. ಬದಲಿಗೆ ಆ ಪ್ರಯೋಗ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದೆ. ಹೋದಲ್ಲಿ ಸಿಕ್ಕಿದವನು ಯೊಹಾನೆಸ್ ಹೋಲ್ಟ್‌ಫ್ರೆಟರ್. ಭ್ರೂಣಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ಹೆಸರು, ಅದರಾಚೆ ಬಹುತೇಕ ಯಾರಿಗೂ ಗೊತ್ತಿಲ್ಲದ ಬದುಕು. ನಮ್ಮ ಮಹಾಶಯನ ವಾದಕ್ಕೆ ಈ ಮನುಷ್ಯನ ಹೆಸರಿನ ಆಸರೆ ಸಿಗುವುದಂತೂ ದೂರದ ಮಾತು.

ಆತ ಹುಟ್ಟಿದ್ದು 1901ರ ಜನವರಿ 9ರಂದು, ಉತ್ತರ ಜರ್ಮನಿಯ ಪೊಮೆರೇನಿಯಾ ಸೀಮೆಯ ರಿಕ್ಟೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ಚಿತ್ರ ಬರೆಯುವ ಹುಚ್ಚು ಚಿಕ್ಕಂದಿನಿಂದಲೇ ಇತ್ತು, ಕಡೆಯವರೆಗೂ ಹೋಗಲಿಲ್ಲ. ರೋಸ್ಟಾಕ್, ಲೈಪ್‌ಜಿಗ್ ಅಂತ ಒಂದೆರಡು ವಿಶ್ವವಿದ್ಯಾಲಯ ತಿರುಗಿ, ಕೊನೆಗೆ ಫ್ರೈಬುರ್ಗ್‌ನಲ್ಲಿ ಹಾನ್ಸ್ ಶ್ಪೇಮಾನ್ ಹತ್ತಿರ ಪಿಎಚ್‌ಡಿಗೆ ಸೇರಿಕೊಂಡ. ಆ ಕಾಲಕ್ಕೆ ಭ್ರೂಣದ ಬಗ್ಗೆ ಕೆಲಸ ಮಾಡಬೇಕೆಂದರೆ ಅದೇ ಕಾಶಿ. ಶ್ಪೇಮಾನ್ ಹಸುಗೂಸಿನ ಕೂದಲಿನಿಂದ ಕುಣಿಕೆ ಮಾಡಿ, ಗಾಜಿನ ಸೂಜಿ ಹಿಡಿದು, ಒಂದೆರಡು ಮಿಲಿಮೀಟರಿನ ಭ್ರೂಣಗಳ ಮೇಲೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಆಸಾಮಿ.

ಅದೇ ಲ್ಯಾಬಿನಲ್ಲಿ ಆಗ ಹಿಲ್ಡೆ ಮಾಂಗೋಲ್ಡ್ ಎಂಬ ವಿದ್ಯಾರ್ಥಿನಿ ಇದ್ದಳು. ನ್ಯೂಟ್ ಅಂತ ಹಲ್ಲಿಯ ಆಕಾರದ, ಕಪ್ಪೆಯ ಬಳಗದ ಒಂದು ಪ್ರಾಣಿ ಇದೆ. ಒಂದು ಪ್ರಭೇದದ ನ್ಯೂಟ್ ಭ್ರೂಣದಿಂದ ಚಿಕ್ಕ ತುಂಡು ಕತ್ತರಿಸಿ ಇನ್ನೊಂದು ಪ್ರಭೇದದ ಭ್ರೂಣಕ್ಕೆ ಆಕೆ ಕಸಿ ಮಾಡಿದಳು. ಆ ತುಂಡು ಸುತ್ತಲಿನ ಕೋಶಗಳನ್ನು ಹುರಿದುಂಬಿಸಿ, ಹೊಟ್ಟೆಯ ಚರ್ಮ ಆಗಬೇಕಿದ್ದ ಕಡೆ ಎರಡನೇ ಬೆನ್ನುಹುರಿ, ಎರಡನೇ ಮಿದುಳು ಬೆಳೆಸಿತು. 1924ರಲ್ಲಿ ಆ ಪ್ರಬಂಧ ಅಚ್ಚಾಯಿತು. ಅದೇ ವರ್ಷ ಅಡುಗೆಮನೆಯ ಒಲೆಯ ಅಪಘಾತದಲ್ಲಿ ಬೆಂಕಿ ತಗುಲಿ ಆಕೆ ತೀರಿಕೊಂಡಳು. ವಯಸ್ಸು 25. ಆ ಕೆಲಸಕ್ಕೆ 1935ರಲ್ಲಿ ನೊಬೆಲ್ ಬಂತು, ಶ್ಪೇಮಾನ್ ಒಬ್ಬನಿಗೇ. ಹಿಲ್ಡೆ ಬಗ್ಗೆ ಬೇರೆಯೇ ಲೇಖನ ಬರೆಯಬೇಕು, ಇಲ್ಲಿ ಮುಗಿಯುವ ಮಾತಲ್ಲ.

ಹೋಲ್ಟ್‌ಫ್ರೆಟರ್ 1924ರಲ್ಲಿ ಪಿಎಚ್‌ಡಿ ಮುಗಿಸಿದ. ನೆಟ್ಟಗೆ ಒಂದು ಕಡೆ ನಿಲ್ಲಲಿಲ್ಲ. 1928ರಲ್ಲಿ ಬರ್ಲಿನ್‌ನ ಕೈಸರ್ ವಿಲ್‌ಹೆಲ್ಮ್ ಜೀವಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಮೇಲಧಿಕಾರಿ ಆಟೋ ಮಾಂಗೋಲ್ಡ್, ತೀರಿಹೋದ ಹಿಲ್ಡೆಯ ಗಂಡ. ಅಲ್ಲಿ ಹೋಲ್ಟ್‌ಫ್ರೆಟರ್ ಮಾಡಿದ ಮೊದಲ ದೊಡ್ಡ ಕೆಲಸ ನೋಡೋಕೆ ಏನೇನೂ ಅಲ್ಲ. ಉಪ್ಪುನೀರು ಮಾಡಿದ.

ತಮಾಷೆ ಅಲ್ಲ. ಆಗೆಲ್ಲ ಭ್ರೂಣ ಕತ್ತರಿಸಿದರೆ ಬ್ಯಾಕ್ಟೀರಿಯಾ ಹತ್ತಿ ಹೆಚ್ಚಿನವು ಸಾಯುತ್ತಿದ್ದವು. ನ್ಯೂಟ್ ಮೊಟ್ಟೆ ಸಿಗುವುದು ವಸಂತದ ಕೆಲವೇ ವಾರ. ಆಗ ಕೆಟ್ಟರೆ ಇನ್ನೊಂದು ವರ್ಷ ಕಾಯಬೇಕು. ಹೋಲ್ಟ್‌ಫ್ರೆಟರ್ ಎಲ್ಲವನ್ನೂ ಕುದಿಸಿ ಶುದ್ಧ ಮಾಡುವ ಶಿಸ್ತು ತಂದ. ಜೊತೆಗೆ 1931ರಲ್ಲಿ ಒಂದು ದ್ರಾವಣದ ಅಳತೆ ಕೊಟ್ಟ: ಒಂದು ಲೀಟರ್ ನೀರಿಗೆ ಅಡುಗೆ ಉಪ್ಪು 3.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.05 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 0.1 ಗ್ರಾಂ, ಅಡುಗೆ ಸೋಡಾ 0.2 ಗ್ರಾಂ. ಇಷ್ಟರಲ್ಲಿ ಭ್ರೂಣದ ತುಂಡುಗಳು, ಮೈಯಿಂದ ಬೇರೆಯಾಗಿದ್ದರೂ, ದಿನಗಟ್ಟಲೆ ಬದುಕಿ ಬೆಳೆಯತೊಡಗಿದವು. ಇದರಲ್ಲಿರುವ ಕ್ಯಾಲ್ಸಿಯಂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಡೀ ಭ್ರೂಣ ಇಲ್ಲದೇನೇ ತುಂಡುಗಳನ್ನು ಬದುಕಿಸಬಹುದು ಅಂದಮೇಲೆ ಪ್ರಶ್ನೆ ಕೇಳುವ ರೀತಿಯೇ ಬದಲಾಯಿತು. ಹಿಲ್ಡೆ ಕಸಿ ಮಾಡಿದ್ದ ಆ ಮಾಂತ್ರಿಕ ತುಂಡನ್ನು ಕುದಿಸಿ, ಹೆಪ್ಪುಗಟ್ಟಿಸಿ, ಆಲ್ಕೋಹಾಲಿನಲ್ಲಿ ಅದ್ದಿ ಕೊಂದು ನೋಡಿದರು. ಸತ್ತ ತುಂಡೂ ನರಕೋಶ ಹುಟ್ಟಿಸಿತು. 1932ರ ಈ ಸುದ್ದಿ ದೊಡ್ಡ ಗದ್ದಲ ಎಬ್ಬಿಸಿತು. ಹಾಗಾದರೆ ಇದು ಯಾವುದೋ ರಾಸಾಯನಿಕವೇ ಇರಬೇಕು ಅಂತ ಅದರ ಬೆನ್ನು ಹತ್ತಿದವರು ದಶಕಗಳ ಕಾಲ ಕೈ ಸುಟ್ಟುಕೊಂಡರು. ಹೋಲ್ಟ್‌ಫ್ರೆಟರ್ ಮಾತ್ರ ನಿಧಾನಕ್ಕೆ ಬೇರೆ ದಿಕ್ಕಿಗೆ ತಿರುಗಿದ. ಕೋಶಕ್ಕೆ ನೀನು ಮಿದುಳಾಗು ಅಂತ ಯಾರು ಹೇಳುತ್ತಾರೆ ಅನ್ನುವುದು ಎಲ್ಲರ ಪ್ರಶ್ನೆ. ಮಿದುಳಾಗುವ ಕೋಶ ತನ್ನ ಜಾಗಕ್ಕೆ ಹೇಗೆ ಹೋಗಿ ಸೇರುತ್ತದೆ, ಯಾರನ್ನು ಹಿಡಿದುಕೊಳ್ಳುತ್ತದೆ, ಯಾರನ್ನು ಬಿಡುತ್ತದೆ ಅನ್ನುವುದು ಇವನ ಪ್ರಶ್ನೆಯಾಯಿತು.

ಅಷ್ಟರಲ್ಲಿ 1933 ಬಂತು.

ಏಪ್ರಿಲ್ 7ರಂದು ನಾಜಿ ಸರ್ಕಾರ ಸರ್ಕಾರಿ ನೌಕರಿಯ ಕಾನೂನು ತಂದಿತು. ಅಜ್ಜ ಅಜ್ಜಿಯಲ್ಲಿ ಒಬ್ಬರು ಯಹೂದಿ ಆಗಿದ್ದರೂ ಸಾಕು, ವಿಶ್ವವಿದ್ಯಾಲಯದ ಕೆಲಸಕ್ಕೆ ಕುತ್ತು. ಶ್ಪೇಮಾನ್ ಲ್ಯಾಬಿನಲ್ಲಿ ಹೋಲ್ಟ್‌ಫ್ರೆಟರ್ ಜೊತೆಗಿದ್ದ ವಿಕ್ಟರ್ ಹ್ಯಾಂಬರ್ಗರ್ ಆಗ ಫೆಲೋಶಿಪ್ ಮೇಲೆ ಷಿಕಾಗೋಗೆ ಹೋಗಿದ್ದ. ಕೆಲಸ ಹೋದ ಪತ್ರ ಅಲ್ಲಿಗೇ ಬಂತು, ಆತ ವಾಪಸ್ ಹೋಗಲಿಲ್ಲ. ಇತ್ತ ಆಟೋ ಮಾಂಗೋಲ್ಡ್ ಪಕ್ಷ ಸೇರಿ, 1938ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ಕುಲಪತಿಯಾದ. ಒಂದೇ ಗುರುವಿನ ಶಿಷ್ಯರು.

ಹೋಲ್ಟ್‌ಫ್ರೆಟರ್ ಯಹೂದಿ ಅಲ್ಲ. ಕಾಗದದ ಪ್ರಕಾರ ಅವನಿಗೆ ಏನೂ ತೊಂದರೆ ಇರಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ತಲೆ ತಗ್ಗಿಸಿಕೊಂಡು ಇದ್ದಿದ್ದರೆ ಕುರ್ಚಿ, ಲ್ಯಾಬು, ಸಂಬಳ ಎಲ್ಲ ಉಳಿಯುತ್ತಿತ್ತು. 1933ರಲ್ಲೇ ಮ್ಯೂನಿಕ್‌ನ ಪ್ರಾಣಿಶಾಸ್ತ್ರ ಸಂಸ್ಥೆಗೆ ಸೇರಿದ್ದ, ಅದೂ ಒಳ್ಳೆಯ ಹುದ್ದೆ. (ಅಲ್ಲಿನ ಮುಖ್ಯಸ್ಥ ಜೇನುನೊಣದ ಕುಣಿತ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್. ಆತನ ವಂಶವೃಕ್ಷವನ್ನೂ ಮುಂದೆ ಕೆದಕಿ, ಕಾಲುಭಾಗ ಯಹೂದಿ ಅಂತ ಪಟ್ಟ ಕಟ್ಟಿದರು.) ಮಧ್ಯೆ ರಾಕ್‌ಫೆಲರ್ ಫೆಲೋಶಿಪ್ ಸಿಕ್ಕಿ ಹೋಲ್ಟ್‌ಫ್ರೆಟರ್ ಅಮೆರಿಕದ ಯೇಲ್‌ಗೆ ಹೋದ, ಅಲ್ಲಿಂದ ಬಾಲಿ ದ್ವೀಪದವರೆಗೂ ತಿರುಗಿ ಬಂದ. ಬಂದು ನೋಡಿದರೆ ಊರು ಇನ್ನಷ್ಟು ಕೆಟ್ಟಿತ್ತು. ನಾಜಿಗಳನ್ನು ಕಂಡರಾಗದವನು ಎಷ್ಟು ದಿನ ಅಲ್ಲಿ ಇರಲು ಸಾಧ್ಯ?

1939ರಲ್ಲಿ ಆತನ ಒಂದು ಪ್ರಬಂಧ ಜರ್ಮನ್ ಪತ್ರಿಕೆಯಲ್ಲಿ ಬಂತು. ಅಂಗಾಂಶಗಳ ಒಲವು ಅಥವಾ ನಂಟು ಅನ್ನಬಹುದಾದ ಒಂದು ಪದವನ್ನು ಅದರಲ್ಲಿ ಬಳಸಿದ. ಭ್ರೂಣದಲ್ಲಿ ಮೂರು ಪದರ ಇರುತ್ತವೆ: ಚರ್ಮ ಮತ್ತು ನರಮಂಡಲ ಆಗುವ ಹೊರಪದರ, ಕರುಳು ಆಗುವ ಒಳಪದರ, ಸ್ನಾಯು ಮೂಳೆ ಆಗುವ ನಡುಪದರ. ಹೊರಪದರದ ತುಂಡನ್ನೂ ಒಳಪದರದ ತುಂಡನ್ನೂ ಸೇರಿಸಿಟ್ಟರೆ ಮೊದಮೊದಲು ಅಂಟಿಕೊಳ್ಳುತ್ತವೆ. ದಿನ ಕಳೆದ ಹಾಗೆ ಕಳಚಿಕೊಂಡು ಬೇರೆಯಾಗುತ್ತವೆ. ನಡುಪದರದ ಕೋಶಗಳನ್ನು ಜೊತೆಗೆ ಹಾಕಿದರೆ? ಮೂರೂ ಒಂದಾಗಿ ನಿಲ್ಲುತ್ತವೆ, ಹೊರಗಿನದು ಹೊರಗೆ, ಒಳಗಿನದು ಒಳಗೆ. ಅಂದರೆ ಈ ಒಲವು ಹುಟ್ಟಿನಿಂದ ಬಂದು ಹಾಗೇ ಉಳಿಯುವಂಥದ್ದಲ್ಲ, ಭ್ರೂಣ ಬೆಳೆದ ಹಾಗೆ ಬದಲಾಗುತ್ತದೆ.

ಅದೇ ವರ್ಷ ಆತ ಜರ್ಮನಿ ಬಿಟ್ಟ. ಸೇರಿದ್ದು ಇಂಗ್ಲೆಂಡಿನ ಕೇಂಬ್ರಿಜ್. ಮುಂದಿನದನ್ನು ಓದುವಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯುದ್ಧ ಶುರುವಾದದ್ದೇ ಬ್ರಿಟಿಷರು ತಮ್ಮ ನೆಲದಲ್ಲಿದ್ದ ಜರ್ಮನ್ನರನ್ನೆಲ್ಲ ಎ, ಬಿ, ಸಿ ಅಂತ ವಿಂಗಡಿಸಿದರು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರು ಬಹುತೇಕ ಸಿ, ಅಂದರೆ ನಿರುಪದ್ರವಿಗಳು. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿದ್ದಾಗ ಭಯ ಹತ್ತಿ, ಆ ವಿಂಗಡಣೆಯನ್ನೂ ಮೂಲೆಗಿಟ್ಟು, ಸುಮಾರು 27,000 ಜನರನ್ನು ಹಿಡಿದು ಕೂಡಿಹಾಕಿದರು. ಯಾರು ಏನು ಮಾಡಿದ್ದಾರೆ ಅನ್ನುವುದು ಮುಖ್ಯ ಆಗಲಿಲ್ಲ, ಪಾಸ್‌ಪೋರ್ಟ್ ಯಾವುದು ಅನ್ನುವುದಷ್ಟೇ. ನಾಜಿಗಳನ್ನು ವಿರೋಧಿಸಿ ಊರು ಬಿಟ್ಟು ಬಂದ ಹೋಲ್ಟ್‌ಫ್ರೆಟರ್ ಈಗ ಶತ್ರು ದೇಶದ ಪ್ರಜೆ.

ಕೆಲವರನ್ನು ಹಡಗು ಹತ್ತಿಸಿ ಕೆನಡಾಕ್ಕೂ ಆಸ್ಟ್ರೇಲಿಯಾಕ್ಕೂ ಕಳಿಸಿದರು. ಹಾಗೆ ಕೆನಡಾಕ್ಕೆ ಹೊರಟ ಅರಂಡೋರಾ ಸ್ಟಾರ್ ಎಂಬ ಹಡಗಿಗೆ ಜುಲೈ 2ರಂದು ಜರ್ಮನ್ ಜಲಾಂತರ್ಗಾಮಿ ಟಾರ್ಪಿಡೊ ಹೊಡೆದು 800ಕ್ಕೂ ಹೆಚ್ಚು ಜನ ಸತ್ತರು. ಹೋಲ್ಟ್‌ಫ್ರೆಟರ್ ಬೇರೆ ಹಡಗಿನಲ್ಲಿ ಕೆನಡಾ ಮುಟ್ಟಿದ. ಅಲ್ಲಿನ ಶಿಬಿರಗಳಲ್ಲಿ ಬಂದಿಗಳಿಗೆ ಬೆನ್ನ ಮೇಲೆ ದೊಡ್ಡ ಕೆಂಪು ವೃತ್ತ ಇರುವ ಅಂಗಿ ಕೊಡುತ್ತಿದ್ದರು, ಓಡಿಹೋದರೆ ಗುರಿ ಇಡುವುದಕ್ಕೆ ಅನುಕೂಲ ಆಗಲಿ ಅಂತ. ಹಿಮೋಗ್ಲೋಬಿನ್ ರಚನೆ ಕಂಡುಹಿಡಿದು ಮುಂದೆ ನೊಬೆಲ್ ಪಡೆದ ಮ್ಯಾಕ್ಸ್ ಪೆರುಟ್ಜ್ ಕೂಡ ಇದೇ ರೀತಿ ಕೇಂಬ್ರಿಜ್‌ನಿಂದ ಕೆನಡಾಕ್ಕೆ ಹೋದವನೇ. ಹೋಲ್ಟ್‌ಫ್ರೆಟರ್ ಹೊರಬಂದದ್ದು 1942ರಲ್ಲಿ. ಎರಡು ವರ್ಷ, ಎರಡು ವಸಂತ, ಒಂದು ನ್ಯೂಟ್ ಮೊಟ್ಟೆಯೂ ಇಲ್ಲ.

ಹೊರಗೆ ಬಂದ ತಕ್ಷಣ ಮಾಂಟ್ರಿಯಲ್‌ನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಕೂತ. ಅಲ್ಲಿಂದ 1946ರವರೆಗೆ ಬಂದ ಪ್ರಬಂಧಗಳನ್ನು ನೋಡಿದರೆ ಕೂಡಿಟ್ಟುಕೊಂಡದ್ದೆಲ್ಲ ಒಮ್ಮೆಗೇ ಹೊರಬಿದ್ದ ಹಾಗಿದೆ. ಭ್ರೂಣ ತನ್ನನ್ನು ತಾನು ಒಳಕ್ಕೆ ಮಡಚಿಕೊಳ್ಳುವಾಗ ಪ್ರತಿ ಕೋಶ ಏನು ಮಾಡುತ್ತದೆ ಅಂತ ಬಿಡಿಬಿಡಿಯಾಗಿ ನೋಡಿದ. ಭ್ರೂಣವನ್ನೆಲ್ಲ ಆವರಿಸಿದ ಒಂದು ಹೊದಿಕೆ ಇದೆ, ಅದೇ ಎಲ್ಲವನ್ನೂ ಎಳೆಯುತ್ತದೆ ಅಂತಲೂ ವಾದಿಸಿದ. ಅದು ಮುಂದೆ ಅಷ್ಟಾಗಿ ನಿಲ್ಲಲಿಲ್ಲ. ಇನ್ನೊಂದು ನಿಂತಿತು. ಹೊರಪದರದ ಕೋಶಗಳನ್ನು ಸ್ವಲ್ಪ ಹೆಚ್ಚು ಆಮ್ಲೀಯವೋ ಕ್ಷಾರೀಯವೋ ಆದ ದ್ರಾವಣದಲ್ಲಿ, ಇಲ್ಲವೇ ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಇಟ್ಟರೆ ಅವು ಒಂದನ್ನೊಂದು ಬಿಟ್ಟು ಬಿಡಿಯಾಗುತ್ತವೆ. ಹಾಗೆ ಬಿಡಿಯಾದವು ಯಾರ ಸೂಚನೆಯೂ ಇಲ್ಲದೆ ನರಕೋಶ ಆಗಿಬಿಡುತ್ತಿದ್ದವು! ಇದು ಅರ್ಥವಾಗಲು 1990ರ ದಶಕ ಬರಬೇಕಾಯಿತು. ಈ ಕೋಶಗಳು ಒಟ್ಟಿಗಿದ್ದಾಗ ಒಂದಕ್ಕೊಂದು ಚರ್ಮವಾಗು ಅಂತ ರಾಸಾಯನಿಕ ಸಂದೇಶ ಕಳಿಸುತ್ತಿರುತ್ತವೆ. ಆ ಸದ್ದು ನಿಂತರೆ ಅವು ಹೋಗುವುದು ಮಿದುಳಿನ ಕಡೆಗೆ. ನಮ್ಮ ಚರ್ಮವೂ ನಮ್ಮ ಮಿದುಳೂ ಒಂದೇ ಹಾಳೆಯ ಎರಡು ತುಂಡು ಅನ್ನುವುದು ಇಲ್ಲಿನ ಸತ್ಯ.

1946ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯ ಕರೆಯಿತು. ಉಳಿದ ಬದುಕೆಲ್ಲ ಅಲ್ಲೇ. ಫಿಲಿಪ್ ಟೌನ್ಸ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ 1955ರಲ್ಲಿ ಪ್ರಕಟಿಸಿದ ಕೆಲಸವೇ ವಾಟ್ಸಾಪ್‌ಗೆ ಬಂದ ಆ ವಿಡಿಯೋದ ಅಜ್ಜ.

ಸಮುದ್ರದ ಸ್ಪಂಜನ್ನು ಬಟ್ಟೆಯಲ್ಲಿ ಹಿಂಡಿ ಬಿಡಿ ಕೋಶ ಮಾಡಿದರೂ ಅವು ಮತ್ತೆ ಕೂಡಿ ಸ್ಪಂಜಾಗುತ್ತವೆ ಅಂತ 1907ರಲ್ಲೇ ಎಚ್. ವಿ. ವಿಲ್ಸನ್ ತೋರಿಸಿದ್ದ. ಆದರೆ ಬೆನ್ನೆಲುಬಿನ ಪ್ರಾಣಿಯ ಭ್ರೂಣ, ಅದರಲ್ಲೂ ಮಿದುಳು ಆಗಲಿರುವ ಭಾಗ ಹಾಗೆ ಮಾಡೀತೆ? ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಭ್ರೂಣದ ತುಂಡುಗಳನ್ನು ಕ್ಷಾರದ ನೀರಿನಲ್ಲಿಟ್ಟರು. ಅಂಟು ಬಿಟ್ಟು ಕೋಶಗಳೆಲ್ಲ ರವೆಯ ಹಾಗೆ ಉದುರಿದವು. ಚರ್ಮವಾಗುವ ಕೋಶಗಳನ್ನೂ ನರಫಲಕದ (ಅಂದರೆ ಮಿದುಳು, ಬೆನ್ನುಹುರಿ ಆಗುವ) ಕೋಶಗಳನ್ನೂ ಕಲಸಿ, ದ್ರಾವಣವನ್ನು ಸಹಜ ಸ್ಥಿತಿಗೆ ತಂದರು. ಮೊದಲು ಕಲಬೆರಕೆ ಉಂಡೆ. ಆಮೇಲೆ ಚರ್ಮದ ಕೋಶಗಳು ಮೇಲಕ್ಕೆ ಬಂದು ಹೊದಿಕೆಯಾದವು, ನರಕೋಶಗಳು ಒಳಕ್ಕೆ ಮುಳುಗಿ ಒಂದು ಟೊಳ್ಳು ಕೊಳವೆಯ ಹಾಗೆ ಕೂತವು. ನಡುಪದರದ ಕೋಶ ಸೇರಿಸಿದರೆ ಅವು ಮಧ್ಯದಲ್ಲಿ. ನಮ್ಮ ಮೈಯಲ್ಲಿ ಇರುವ ಕ್ರಮವೇ. ನಕಾಶೆ ಇಲ್ಲ, ಮೇಸ್ತ್ರಿ ಇಲ್ಲ. ಯಾರು ಯಾರಿಗೆ ಎಷ್ಟು ಗಟ್ಟಿಯಾಗಿ ಅಂಟುತ್ತಾರೆ ಅನ್ನುವುದರಿಂದಲೇ ಆಕಾರ ಹುಟ್ಟುತ್ತಿತ್ತು.

ಈಗ ನಮ್ಮ ಗುಂಪಿನ ಮಹಾಶಯನ ಕಡೆ ಬರೋಣ. ಯಾವ ಕೋಶ ಎಲ್ಲಿ ಹೋಯಿತು ಅಂತ ಗುರುತು ಹಿಡಿಯಲು ಇವರಿಬ್ಬರು ಕೋಶದ ಗಾತ್ರ, ಬಣ್ಣ ಬೇರೆ ಇರುವ ಬೇರೆ ಬೇರೆ ಪ್ರಭೇದದ ಪ್ರಾಣಿಗಳನ್ನು ಬಳಸಿದ್ದರು. ಎರಡು ವರ್ಷದ ನಂತರ, 1957ರಲ್ಲಿ, ಆರನ್ ಮಾಸ್ಕೋನಾ ಇನ್ನೂ ಮುಂದೆ ಹೋಗಿ ಕೋಳಿಯ ಕೋಶಗಳನ್ನೂ ಇಲಿಯ ಕೋಶಗಳನ್ನೂ ಬೆರೆಸಿದ. ಕೋಳಿಯವು ಒಂದು ಕಡೆ, ಇಲಿಯವು ಒಂದು ಕಡೆ ಆದವಾ? ಇಲ್ಲ. ಕೋಳಿಯ ಮೃದ್ವಸ್ಥಿ ಕೋಶ ಇಲಿಯ ಮೃದ್ವಸ್ಥಿ ಕೋಶದ ಜೊತೆ ಸೇರಿ ಒಂದೇ ಮೃದ್ವಸ್ಥಿ ಕಟ್ಟಿತು. ಯಾರ ಹೊಟ್ಟೆಯಲ್ಲಿ ಹುಟ್ಟಿದ್ದು ಅನ್ನುವುದು ಲೆಕ್ಕಕ್ಕೆ ಬರಲಿಲ್ಲ, ಈಗ ಮಾಡುತ್ತಿರುವ ಕೆಲಸ ಏನು ಅನ್ನುವುದು ಬಂತು.

ಆ ಅಂಟು ಏನು ಅಂತ ಗೊತ್ತಾಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1960ರ ದಶಕದಲ್ಲಿ ಮಾಲ್ಕಮ್ ಸ್ಟೈನ್‌ಬರ್ಗ್ ಒಂದು ಸರಳ ವಿವರಣೆ ಕೊಟ್ಟ: ಇದು ಎಣ್ಣೆ ನೀರು ಬೇರೆಯಾಗುವ ಹಾಗೆ. ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುವ ಕೋಶಗಳು ಒಳಗೆ, ಸಡಿಲ ಹಿಡಿತದವು ಅವುಗಳ ಸುತ್ತ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಒಂದು ಬ್ಯಾಕ್ ಉಳಿಸಿಕೊಂಡು ಪಾಸಾದ ನನಗೂ ಇದು ಅರ್ಥವಾಗುತ್ತೆ, ಮೇಲ್ಮೈ ಎಳೆತ ಅಷ್ಟೇ. 1977ರಲ್ಲಿ ಜೆರಾಲ್ಡ್ ಎಡೆಲ್‌ಮನ್ ತಂಡ ಕೋಳಿ ಭ್ರೂಣದ ಅಕ್ಷಿಪಟಲದಿಂದ ನರಕೋಶಗಳನ್ನು ಅಂಟಿಸುವ ಒಂದು ಪ್ರೋಟೀನನ್ನು ಹಿಡಿಯಿತು, ಎನ್‌ಕ್ಯಾಮ್ ಅಂತ ಹೆಸರಾಯಿತು. ಅದೇ ಹೊತ್ತಿಗೆ ಜಪಾನಿನ ಮಾಸಾತೋಶಿ ತಾಕೆಇಚಿ ಇನ್ನೊಂದು ಬಗೆಯ ಅಂಟಿನ ಬೆನ್ನು ಹತ್ತಿದ್ದ. ಇದು ಕ್ಯಾಲ್ಸಿಯಂ ಇದ್ದರಷ್ಟೇ ಹಿಡಿಯುತ್ತದೆ, ತೆಗೆದರೆ ಬಿಡುತ್ತದೆ. 1984ರಲ್ಲಿ ಅದಕ್ಕೆ ಕ್ಯಾಡ್ಹೆರಿನ್ ಅಂತ ಹೆಸರಿಟ್ಟ. ಹೋಲ್ಟ್‌ಫ್ರೆಟರ್‌ನ ಉಪ್ಪುನೀರಿನಲ್ಲಿ ಲೀಟರಿಗೆ 0.1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಇತ್ತಲ್ಲ, ಅದು ಇಷ್ಟು ವರ್ಷ ಮಾಡುತ್ತಿದ್ದ ಒಂದು ಕೆಲಸ ಇದು.

ಕ್ಯಾಡ್ಹೆರಿನ್‌ಗಳಲ್ಲಿ ಹಲವು ಬಗೆ. ಭ್ರೂಣದ ಹೊರಪದರದ ಕೋಶಗಳೆಲ್ಲ ಮೊದಲು ಇ-ಕ್ಯಾಡ್ಹೆರಿನ್‌ನಿಂದ ಕೈ ಕೈ ಹಿಡಿದಿರುತ್ತವೆ. ಬೆನ್ನಿನ ನಡುವಿನ ಪಟ್ಟಿ ಮಿದುಳಾಗಲು ಹೊರಟಾಗ ಅಲ್ಲಿನ ಕೋಶಗಳು ಅದನ್ನು ಬಿಟ್ಟು ಎನ್-ಕ್ಯಾಡ್ಹೆರಿನ್ ತೊಡುತ್ತವೆ. ಪಟ್ಟಿ ಮಡಚಿ, ಅಂಚುಗಳು ಕೂಡಿ, ಕೊಳವೆಯಾಗಿ ಚರ್ಮದಿಂದ ಕಳಚಿಕೊಂಡು ಒಳಗಿಳಿಯುತ್ತದೆ. ಮನುಷ್ಯರಲ್ಲಿ ಇದು ನಡೆದು ಮುಗಿಯುವುದು ಗರ್ಭದ ನಾಲ್ಕನೇ ವಾರದಲ್ಲಿ, ಎಷ್ಟೋ ತಾಯಂದಿರಿಗೆ ಬಸಿರು ಅಂತ ಗೊತ್ತಾಗುವ ಮೊದಲೇ.

1994ರಲ್ಲಿ ಸ್ಟೈನ್‌ಬರ್ಗ್ ಮತ್ತು ತಾಕೆಇಚಿ ಕೂಡಿ ಒಂದು ಪ್ರಯೋಗ ಮಾಡಿದರು. ಸ್ವಂತ ಕ್ಯಾಡ್ಹೆರಿನ್ ಇಲ್ಲದ ಒಂದೇ ಮೂಲದ ಇಲಿ ಕೋಶಗಳನ್ನು ತೆಗೆದುಕೊಂಡು, ಎಲ್ಲಕ್ಕೂ ಒಂದೇ ಬಗೆಯ ಕ್ಯಾಡ್ಹೆರಿನ್ ಕೊಟ್ಟರು, ಕೆಲವಕ್ಕೆ ಜಾಸ್ತಿ ಕೆಲವಕ್ಕೆ ಕಡಿಮೆ. ಜಾಸ್ತಿ ಸಿಕ್ಕವು ಒಳಗೆ ಹೋದವು, ಕಡಿಮೆ ಸಿಕ್ಕವು ಹೊರಗೆ ಉಳಿದವು. ಒಂದೇ ಮನೆಯ ಮಕ್ಕಳು, ಕೈಗೆ ಸಿಕ್ಕಿದ್ದರ ಪ್ರಮಾಣ ಬೇರೆ, ಅಷ್ಟಕ್ಕೇ ಒಳಗು ಹೊರಗು. ಅಂಟಿನ ಬಗೆಯೂ ಮುಖ್ಯ, ನಿಜ. ಇ ಇರುವವು ಎನ್ ಇರುವವುಗಳಿಂದ ಬೇರೆಯಾಗುತ್ತವೆ. ಆದರೆ ಆ ಬಗೆಯನ್ನೂ ಕೋಶ ತನ್ನ ಜೀವನದಲ್ಲೇ ಬದಲಾಯಿಸಿಕೊಳ್ಳುತ್ತದೆ ಅಂತ ಈಗಷ್ಟೇ ನೋಡಿದೆವು. ಇದನ್ನು ಜಾತಿಗೆ ಹೋಲಿಸುವವರು ಮೊದಲು ತಾವು ಬೆಳಗ್ಗೆ ಒಂದು, ಸಂಜೆ ಒಂದು ಜಾತಿ ಆಗಿ ತೋರಿಸಲಿ.

ಇದನ್ನೇ ತಿರುಗಿಸಿ ಕೋಶಗಳು ಸಮಾನತೆಯ ಪಾಠ ಹೇಳುತ್ತಿವೆ ಅಂತ ಬರೆಯುವ ಆಸೆ ನನಗೂ ಆಯಿತು. ಬರೆಯುವುದಿಲ್ಲ. ಕೋಶಕ್ಕೆ ನ್ಯಾಯವೂ ಗೊತ್ತಿಲ್ಲ, ಅನ್ಯಾಯವೂ ಗೊತ್ತಿಲ್ಲ. ಜೀವಶಾಸ್ತ್ರದಿಂದ ಸಮಾಜದ ನಿಯಮ ತೆಗೆಯುತ್ತೇವೆ ಅಂತ ಹೊರಟ ಸರ್ಕಾರವನ್ನು ಹೋಲ್ಟ್‌ಫ್ರೆಟರ್ ಹತ್ತಿರದಿಂದ ನೋಡಿದ್ದ. ಕೋಶಗಳ ಒಲವಿನ ಬಗ್ಗೆ ಪ್ರಬಂಧ ಅಚ್ಚಾದ ವರ್ಷವೇ ಆ ನೆಲ ಬಿಟ್ಟಿದ್ದ.

ನೊಬೆಲ್ ಅವನಿಗೆ ಬರಲಿಲ್ಲ. 1992ರ ನವೆಂಬರ್ 13ರಂದು ರೋಚೆಸ್ಟರ್‌ನಲ್ಲಿ ತೀರಿಕೊಂಡಾಗ 91 ವರ್ಷ. ಹುಟ್ಟುವ ಮೊದಲೇ ತಲೆಯಲ್ಲಿ ನೀರು ತುಂಬಿಕೊಳ್ಳುವ, ಗಂಡುಮಕ್ಕಳಲ್ಲಿ ಕಾಣುವ ಒಂದು ಆನುವಂಶಿಕ ಕಾಯಿಲೆಗೆ ಎಲ್1 ಎಂಬ ಅಂಟು ಪ್ರೋಟೀನಿನ ಜೀನ್ ಕೆಟ್ಟಿರುವುದು ಕಾರಣ ಅಂತ ಗೊತ್ತಾದದ್ದು ಅದೇ ವರ್ಷ. ಬೆಳೆಯುವ ನರತಂತುಗಳು ಒಂದನ್ನೊಂದು ಹಿಡಿದುಕೊಂಡು ಮುಂದೆ ಸಾಗಲು ಬಳಸುವ ಅಂಟು ಅದು.

ಕಪ್ಪೆ, ಸಾಲಮ್ಯಾಂಡರ್ ಸಾಕುವ ಲ್ಯಾಬುಗಳಲ್ಲಿ ಇವತ್ತಿಗೂ ಹೋಲ್ಟ್‌ಫ್ರೆಟರ್ ದ್ರಾವಣ ಅಂತ ಚೀಟಿ ಅಂಟಿಸಿದ ಬಾಟಲಿಗಳು ಇರುತ್ತವೆ. ಗುಂಪಿನಲ್ಲಿ ಆ ಮಹಾಶಯನಿಗೆ ಉತ್ತರವಾಗಿ ನಾನು 1955ರ ಪ್ರಬಂಧದ ಲಿಂಕ್ ಹಾಕಿದೆ. ಅದಕ್ಕೆ ಎರಡು ಹೆಬ್ಬೆರಳು ಬಂದವು, ಒಂದು ನನ್ನದೇ.